ಕ್ರಿಸ್ಮಸ್ ನೆಪದಲ್ಲಿ ಇಂಗ್ಲಿಷ್: ನಿಮ್ಮ ಚರ್ಚ್‌ನಲ್ಲಿ ಏನು ಕೆಲಸಕ್ಕೆ ಬಂತು?

ಕೇಳಿದ್ದು: ಬೇರೆ ಬೇರೆ ದೇಶಗಳಿಂದ ಹೊಸದಾಗಿ ಬಂದವರಿಗೆ ನಮ್ಮ ಚರ್ಚ್‌ನಲ್ಲಿ ವಾರಕ್ಕೊಮ್ಮೆ ಇಂಗ್ಲಿಷ್ ಹೇಳಿಕೊಡುತ್ತೇವೆ. ಸುಮಾರು ಇಪ್ಪತ್ತು ಜನ. ಕೆಲವರಿಗೆ ಎ ಬಿ ಸಿ ಡಿಯೇ ಹೊಸದು, ಒಬ್ಬಿಬ್ಬರು ತಮ್ಮ ದೇಶದಲ್ಲಿ ಡಾಕ್ಟರ್ ಆಗಿದ್ದವರು. ಅರ್ಧಕ್ಕರ್ಧ ಜನ ಕ್ರೈಸ್ತರಲ್ಲ. ಹೋದ ಡಿಸೆಂಬರ್‌ನಲ್ಲಿ ಎಲ್ಲರನ್ನೂ ಕೂರಿಸಿ ಕ್ರಿಸ್ಮಸ್ ಬಗ್ಗೆ ಸ್ಲೈಡ್ ತೋರಿಸಿದೆವು. ಹತ್ತೇ ನಿಮಿಷಕ್ಕೆ ಎಲ್ಲರ ಕೈಯಲ್ಲೂ ಫೋನ್. ಈ ಸಲ ಏನು ಮಾಡೋಣ? ಮಾಡಿ ನೋಡಿದವರು ಹೇಳಿ.

ಆರು ವರ್ಷದಿಂದ ಪಾಠ ಮಾಡುತ್ತಿರುವವರು: ಸ್ಲೈಡ್ ಬಿಡಿ. ಕೈಗೆ ಕೆಲಸ ಕೊಡಿ, ಬಾಯಿ ತಾನಾಗೇ ಬಿಚ್ಚಿಕೊಳ್ಳುತ್ತದೆ.

ನಾವು ಮೊದಲ ವಾರ ಮರ ಸಿಂಗರಿಸುವುದನ್ನೇ ಪಾಠ ಮಾಡಿದೆವು. ಮರಕ್ಕೆ ತೂಗುಹಾಕುವ ಬಣ್ಣದ ಗುಂಡುಗಳು ಒಬ್ಬರ ಹತ್ತಿರ, ದಾರ ಇನ್ನೊಬ್ಬರ ಹತ್ತಿರ, ಕತ್ತರಿ ಮತ್ತೊಬ್ಬರ ಹತ್ತಿರ, ಏಣಿ ಪಾಸ್ಟರ್ ವಶ. ಕೇಳದೆ ಯಾರಿಗೂ ಏನೂ ಸಿಗುವುದಿಲ್ಲ. ಮೇಲೆ, ಕೆಳಗೆ, ಎಡ, ಬಲ ಅಂತ ಎರಡು ತಿಂಗಳು ಬೋರ್ಡಿನ ಮೇಲೆ ಬರೆದದ್ದು ಯಾರ ತಲೆಗೂ ಹೋಗಿರಲಿಲ್ಲ. ಒಬ್ಬ ಅಜ್ಜಿ ಇದ್ದರು, ಏನು ಕೇಳಿದರೂ ಸುಮ್ನೆ ನಗುತ್ತಿದ್ದರು. ಅವತ್ತು ಮರದ ತುದಿಯ ನಕ್ಷತ್ರ ಸೊಟ್ಟಗಿತ್ತು. ಅವರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು "ನೋ! ಲೆಫ್ಟ್! ಮೋರ್ ಲೆಫ್ಟ್!" ಅಂತ ಪಾಸ್ಟರ್‌ಗೇ ಗದರಿದರು.

ಉಚ್ಚಾರಣೆಯ ಪಾಠಕ್ಕೆ ಹಬ್ಬದ ಹೆಸರೇ ಸಾಕು. 'ಟಿ' ಬರೆಯುತ್ತಾರೆ, ಹೇಳುವುದಿಲ್ಲ. ಲಿಸನ್, ಕ್ಯಾಸಲ್, ವಿಸಲ್ ಎಲ್ಲದರಲ್ಲೂ ಅದೇ ಕಥೆ. ಅಂಗಡಿ ಬೋರ್ಡಿನಲ್ಲಿ 'ಎಕ್ಸ್‌ಮಸ್' ನೋಡಿ ಬಂದವರು ಅದೇನು ಅಂತ ಕೇಳಿಯೇ ಕೇಳುತ್ತಾರೆ. ಗ್ರೀಕಿನಲ್ಲಿ ಕ್ರಿಸ್ತ ಎಂಬ ಹೆಸರಿನ ಮೊದಲ ಅಕ್ಷರ ನೋಡಲು ಎಕ್ಸ್ ಥರ ಇರುತ್ತದೆ, ಅಷ್ಟೇ.

ಇಂಗ್ಲಿಷ್ ಚೆನ್ನಾಗಿ ಬರುವವರನ್ನು ಎರಡು ಗುಂಪು ಮಾಡಿ. ಬೈಬಲಿನಲ್ಲಿ ಯೇಸು ಹುಟ್ಟಿದ ಕಥೆ ಇಬ್ಬರು ಬರೆದಿದ್ದಾರೆ: ಒಂದಕ್ಕೆ ಲೂಕನ ಎರಡನೇ ಅಧ್ಯಾಯ, ಇನ್ನೊಂದಕ್ಕೆ ಮತ್ತಾಯನ ಎರಡನೇ ಅಧ್ಯಾಯ, ಎರಡೂ ಸರಳ ಇಂಗ್ಲಿಷಿನಲ್ಲಿ. ಕುರುಬರು ಇರುವುದು ಒಂದರಲ್ಲಿ, ನಕ್ಷತ್ರ ನೋಡಿ ಬಂದ ಜೋಯಿಸರು ಇರುವುದು ಇನ್ನೊಂದರಲ್ಲಿ. ಒಬ್ಬರನ್ನೊಬ್ಬರು ಕೇಳಿ ಪೂರ್ತಿ ಕಥೆ ಜೋಡಿಸಬೇಕು. ಜೋಯಿಸರು ಮೂವರು ಅಂತ ಮತ್ತಾಯ ಎಲ್ಲೂ ಬರೆದಿಲ್ಲ, ಮೂರು ಇರುವುದು ಕಾಣಿಕೆ. ನಾಟಕಗಳಲ್ಲಿ 'ಜಾಗ ಇಲ್ಲ' ಅನ್ನುವ ಛತ್ರದ ಯಜಮಾನ ಲೂಕನಲ್ಲಿ ಬರುವುದೇ ಇಲ್ಲ. ಇದನ್ನು ಕಂಡುಹಿಡಿಯುವುದು ಸಾಮಾನ್ಯವಾಗಿ ಹೊಸಬರೇ. ಹುಟ್ಟಿದಾಗಿನಿಂದ ಕೇಳಿ ಬೆಳೆದ ನಮಗೆ ಅನುಮಾನವೇ ಬಂದಿರುವುದಿಲ್ಲ!

ಒಂದು ಎಚ್ಚರಿಕೆ. ಗೋದಲಿಗೆ, ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿಗೆ, ಇಂಗ್ಲಿಷಿನಲ್ಲಿ 'ಮೇಂಜರ್' ಅಂತಾರಲ್ಲ, ಅದನ್ನು ಮೊದಲೇ ಹೇಳಿಕೊಡಿ. ನಮ್ಮಲ್ಲಿ ಒಬ್ಬರು ಗಂಭೀರವಾಗಿ "ಮರಿಯಳು ಕೂಸನ್ನು ಮ್ಯಾನೇಜರ್‌ನಲ್ಲಿ ಮಲಗಿಸಿದಳು" ಅಂತ ಓದಿದರು. ಆಮೇಲೆ ಯಾರಿಗೂ ಪಾಠ ಮುಂದುವರಿಸಲು ಆಗಲಿಲ್ಲ.

ಹಿಂದೆ ಕಲಿಯಲು ಹೋಗುತ್ತಿದ್ದವಳು: ಬೆಂಚಿನ ಆ ಕಡೆಯಿಂದ ನಾನು ಹೇಳುತ್ತೇನೆ. ಮದುವೆಯಾಗಿ ಬಂದ ಹೊಸತು. 'ಕ್ರಿಸ್ಮಸ್ ಪಾರ್ಟಿ, ಬ್ರಿಂಗ್ ಎ ಪ್ಲೇಟ್' ಅಂತ ಚೀಟಿ ಕೊಟ್ಟರು. ಪಾಪ, ಅವರ ಹತ್ತಿರ ತಟ್ಟೆ ಕಮ್ಮಿ ಇರಬೇಕು ಅಂದುಕೊಂಡು ಎರಡು ಖಾಲಿ ತಟ್ಟೆ ತೊಳೆದು, ಒರೆಸಿ ಒಯ್ದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಆ ಮಾತಿಗೆ ಹಂಚಿ ತಿನ್ನಲು ಏನಾದರೂ ಮಾಡಿಕೊಂಡು ಬನ್ನಿ ಅಂತ ಅರ್ಥವಂತೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಅತ್ತುಬಿಟ್ಟೆ. ಆಹ್ವಾನದ ಚೀಟಿಯನ್ನೇ ಒಂದು ದಿನ ಪಾಠ ಮಾಡಿ ಪುಣ್ಯ ಕಟ್ಟಿಕೊಳ್ಳಿ.

ಇನ್ನೊಂದು ಬೇಜಾರು ಹೇಳಿಬಿಡುತ್ತೇನೆ. ಪಾರ್ಟಿ ಅಂತ ಕರೆದು ಮುಕ್ಕಾಲು ಗಂಟೆ ಪ್ರವಚನ ಕೇಳಿಸಿದರು. ಪ್ರಾರ್ಥನೆ ಇದ್ದರೆ ಇದೆ ಅಂತಲೇ ಬರೆಯಿರಿ. ಇಷ್ಟು ಹೊತ್ತಿಗೆ ಹಾಡು, ಇಷ್ಟು ಹೊತ್ತಿಗೆ ಪ್ರಾರ್ಥನೆ, ಇಷ್ಟು ಹೊತ್ತಿಗೆ ಊಟ, ಯಾವುದಕ್ಕೆ ಬಂದರೂ ಸರಿ. ಹಾಗೆ ಹೇಳಿದ್ದರೆ ನಾನು ಎಲ್ಲದಕ್ಕೂ ಇರುತ್ತಿದ್ದೆ. ತಿಳಿಸದೆ ಕೂರಿಸಿದ್ದಕ್ಕೆ ಮುಂದಿನ ವರ್ಷ ಹೋಗಲೇ ಇಲ್ಲ.

ಕ್ಯಾರಲ್ (ಕ್ರಿಸ್ಮಸ್ ಹಾಡು) ಗುಂಪಿನಲ್ಲಿರುವವರು: ಹಳೇ ಕ್ಯಾರಲ್‌ಗಳಲ್ಲಿ ಇಂಗ್ಲಿಷ್ ಹಿಂದುಮುಂದಾಗಿರುತ್ತದೆ. ಕಲಿಯುವವರಿಗೆ ಅದು ತಲೆನೋವು. ನಾವು 'ಸೈಲೆಂಟ್ ನೈಟ್' ಒಂದನ್ನೇ ಇಟ್ಟುಕೊಂಡೆವು. ನಿಧಾನದ ಹಾಡು, ಚಿಕ್ಕ ಸಾಲು. ಅದೂ ಮೂಲದಲ್ಲಿ ಇಂಗ್ಲಿಷ್ ಅಲ್ಲ, ಜರ್ಮನ್. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಪಾದ್ರಿ ಯೋಸೆಫ್ ಮೋರ್ ಮತ್ತು ರಾಗ ಹಾಕಿದ ಫ್ರಾನ್ಸ್ ಗ್ರೂಬರ್ ಗಿಟಾರ್ ಹಿಡಿದು ಮೊದಲು ಹಾಡಿದ್ದು. ಇಷ್ಟು ಹೇಳಿದ ಮೇಲೆ ಒಬ್ಬೊಬ್ಬರೂ ತಮ್ಮ ಭಾಷೆಯದ್ದು ಹುಡುಕಿ ತಂದರು. ಮೊದಲ ಚರಣ ಅವರವರ ಭಾಷೆ, ಎರಡನೆಯದು ಎಲ್ಲರೂ ಇಂಗ್ಲಿಷಿನಲ್ಲಿ.

ಇನ್ನೊಬ್ಬರು: ಕಾರ್ಡ್ ಬರೆಸಿ. ಎರಡೇ ಸಾಲು ಸಾಕು. 1843ರಲ್ಲಿ ಲಂಡನ್‌ನಲ್ಲಿ ಹೆನ್ರಿ ಕೋಲ್ ಅನ್ನುವವರು ಕ್ರಿಸ್ಮಸ್ ಕಾರ್ಡ್ ಅಚ್ಚು ಹಾಕಿಸಿದ್ದೇ ಎಲ್ಲರಿಗೂ ಪತ್ರ ಬರೆಯಲು ಪುರುಸೊತ್ತಿಲ್ಲದೆ. ಪಕ್ಕದ ಮನೆಯವರಿಗೆ ಬರೆದು ಕೈಯಾರೆ ಕೊಟ್ಟು ಬರಲಿ. ಬಾಗಿಲಲ್ಲಿ ನಿಂತು ಆಡುವ ನಾಲ್ಕು ಮಾತೇ ಪರೀಕ್ಷೆ.

ನಿರಾಶ್ರಿತರ ಜೊತೆ ಕೆಲಸ ಮಾಡಿದವರು: 'ನಿಮ್ಮ ದೇಶದ ಉಡುಪಿನಲ್ಲಿ ಬನ್ನಿ, ವೇದಿಕೆ ಮೇಲೆ ಮಾತಾಡಿ' ಬೇಡ, ದಯವಿಟ್ಟು. ನನಗೆ ಅದು ಪ್ರದರ್ಶನ ಅನ್ನಿಸುತ್ತದೆ. 'ಮನೆಯವರ ಜೊತೆ ಹಬ್ಬ ಹೇಗೆ ಮಾಡುತ್ತಿದ್ದಿರಿ' ಅನ್ನುವ ಪ್ರಶ್ನೆಯನ್ನೂ ಎಲ್ಲರ ಎದುರಿಗೆ ಕೇಳಬೇಡಿ. ಆ ಮನೆಯವರು ಈಗ ಇಲ್ಲದೆ ಇರಬಹುದು. ತಾವಾಗಿ ಹೇಳಿದರೆ ಕೇಳಿ. ನಮ್ಮಲ್ಲಿ ಒಬ್ಬ ಮುಸ್ಲಿಂ ಹೆಂಗಸು, ಕುರ್‌ಆನ್‌ನ 19ನೇ ಅಧ್ಯಾಯದ ಹೆಸರೇ ಮರ್ಯಮ್, ಅಂದರೆ ಯೇಸುವಿನ ತಾಯಿ ಮರಿಯ, ಅದರಲ್ಲಿ ಅವಳು ಖರ್ಜೂರದ ಮರದ ಕೆಳಗೆ ಹೆರುತ್ತಾಳೆ ಅಂತ ಮುರುಕು ಇಂಗ್ಲಿಷಿನಲ್ಲೇ ಪೂರ್ತಿ ಹೇಳಿದರು. ಆ ವರ್ಷ ಅವರು ಆಡಿದ ಅತಿ ಉದ್ದದ ಮಾತು ಅದು.

ಎಲ್ಲರಿಗೂ ಡಿಸೆಂಬರ್ 25 ಅಂದುಕೊಳ್ಳಬೇಡಿ. ಇಥಿಯೋಪಿಯಾದವರಿಗೆ ಸಾಮಾನ್ಯವಾಗಿ ಜನವರಿ 7, ಅರ್ಮೇನಿಯಾದವರಿಗೆ ಜನವರಿ 6. ಹಾಗಾಗಿ ರಜೆ ಅಂತ ಎರಡು ವಾರ ಬೀಗ ಹಾಕುವ ಬದಲು ನಡುವೆ ಒಂದು ದಿನ ಚಹಾಕ್ಕಾದರೂ ಬಾಗಿಲು ತೆರೆಯಿರಿ. ಒಂಟಿತನ ಜಾಸ್ತಿ ಕಾಡುವುದು ಆಗಲೇ.

ಕೇಳಿದವರು: ಚೀಟಿ ಇವತ್ತೇ ತಿದ್ದಿ ಬರೆಯುತ್ತೇನೆ. ಮರ ಸಿಂಗರಿಸುವುದೂ ಖಂಡಿತ. ಆದರೆ ನಮ್ಮಲ್ಲಿ ಏಣಿ ಇಲ್ಲ, ಕುರ್ಚಿ ಆದೀತಾ?

ಆರು ವರ್ಷದಿಂದ ಪಾಠ ಮಾಡುತ್ತಿರುವವರು: ಕುರ್ಚಿ ಹತ್ತಿಸಬೇಡಿ ಮಾರಾಯ್ರೇ, ಚಿಕ್ಕ ಮರ ತನ್ನಿ. ನಕ್ಷತ್ರ ಮಾತ್ರ ಸೊಟ್ಟಗೇ ಸಿಕ್ಕಿಸಿ.