ಬಾಡಿಗೆ ಅಂದರೆ ಈಗ ಯಾಕೆ ಮೂಗು ಮುರಿಯುತ್ತಾರೆ?

ನಾನು ಕಲಬುರಗಿಯ ಸೇಡಂ ರಸ್ತೆ ಕಡೆ ಬಾಡಿಗೆಗೆ ಇದ್ದೇನೆ. ತಿಂಗಳಿಗೆ 9 ಸಾವಿರ. ಊರಿಗೆ ಹೋದರೆ ಅಪ್ಪನದು ಒಂದೇ ಮಾತು, 'ಪ್ಲಾಟ್ ಯಾವಾಗ ತಗೋತಿ?' ಅವರೇ ಅರ್ಧ ಸರ್ವಿಸ್ ಬ್ರಹ್ಮಪುರದಲ್ಲಿ ಬಾಡಿಗೆಗೆ ಇದ್ದವರು! ಆಗ ಯಾರೂ ಏನೂ ಅನ್ನಲಿಲ್ಲವಂತೆ. ನಿಜಕ್ಕೂ ಬಾಡಿಗೆಯವರು ಕಡಿಮೆ ಆಗಿದ್ದಾರಾ?

ಉತ್ತರ 1 (ನಿವೃತ್ತ ಗುಮಾಸ್ತ):
ಆಗಿದ್ದಾರೆ ತಮ್ಮಾ. 1961ರಲ್ಲಿ ದೇಶದ ನಗರಗಳಲ್ಲಿ ಶೇ 54ರಷ್ಟು ಮನೆತನಗಳು ಬಾಡಿಗೆಗಿದ್ದವು. 2011ರ ಜನಗಣತಿ ಹೊತ್ತಿಗೆ ಅದು ಶೇ 28ರ ಹತ್ತಿರ ಬಂತು. ಹಳ್ಳಿ ಮಾತು ಬಿಡು, ಅಲ್ಲಿ ಸ್ವಂತ ಮನೆಯೇ ಜಾಸ್ತಿ.

ನಾನು ಎಂಎಸ್‌ಕೆ ಮಿಲ್ ಕಡೆ ಬೆಳೆದವನು. ಒಂದು ಅಂಗಳ, ಸುತ್ತ ಐದಾರು ಸಂಸಾರ, ಎಲ್ಲರಿಗೂ ಒಂದೇ ನಳ. ಶಹಾಬಾದ್ ಫರಸಿ ಹಾಸಿದ ಖೋಲಿಗಳು. ಮಾಲೀಕರು ಕಿರಾಯಿ ಏರಿಸುತ್ತಿರಲಿಲ್ಲ, ಗೋಡೆಗೆ ಸುಣ್ಣವನ್ನೂ ಹಚ್ಚುತ್ತಿರಲಿಲ್ಲ. ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತಲ್ಲ. ಏರಿಸೋದೂ ಕಷ್ಟ, ಬಿಡಿಸೋದೂ ಕಷ್ಟ. ಕೋರ್ಟಿಗೆ ಹೋದರೆ ವರ್ಷಗಟ್ಟಲೆ. ಇದನ್ನು ನೋಡಿದವರು ಕಿರಾಯಿಗೆಂದು ಮನೆ ಕಟ್ಟುತ್ತಾರಾ? ಬೀಗ ಹಾಕಿ ಇಟ್ಟರೂ ಚಿಂತೆಯಿಲ್ಲ ಅಂದರು. 2011ರಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆ ಖಾಲಿ ಇದ್ದವು! ನಮ್ಮ ರಾಜ್ಯದಲ್ಲಿ 1961ರ ಕಾಯ್ದೆ ಹೋಗಿ 1999ರದ್ದು ಬಂತು. ಮಾಲೀಕರ ಅಂಜಿಕೆ ಮಾತ್ರ ಹೋಗಲಿಲ್ಲ. ಈಗಲೂ 11 ತಿಂಗಳ ಕರಾರೇ ಅಲ್ವಾ?

ಇನ್ನು ಸಾಲ. ನಮ್ಮ ಕಾಲದಲ್ಲಿ ಗುಮಾಸ್ತನಿಗೆ ಮನೆ ಸಾಲ ಯಾರು ಕೊಡುತ್ತಿದ್ದರು? 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಬಂದ ಮೇಲೆ ಮೆಲ್ಲಗೆ ದಾರಿ ಆಯಿತು. ಬಾಡಿಗೆಗೆ ಮರ್ಯಾದೆ ಕಡಿಮೆ ಆಗಿದ್ದೂ ಆಮೇಲೆಯೇ ಅಂತ ನನಗನಿಸುತ್ತದೆ.

ಉತ್ತರ 2:
ಕಾಕಾ, ಆ ಸ್ವಂತ ಮನೆ ಲೆಕ್ಕದಲ್ಲಿ ನಾವೂ ಇದ್ದೇವೆ ನೋಡಿ. ಶಹಾಬಜಾರಿನಲ್ಲಿ ಅಜ್ಜನ ಮನೆ. ಮೂವರು ಅಣ್ಣತಮ್ಮಂದಿರು, ಮೂರು ಒಲೆ. ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಗಣತಿಯವರು ಬಂದಾಗ ಮೂವರೂ 'ಸ್ವಂತ' ಅಂತ ಬರೆಸಿದರು. ಅದೇ ಮನೆ ಮೇಲೆ ಸಾಲ ಕೇಳಿದರೆ ಬ್ಯಾಂಕಿನವರು ಕಾಗದ ನೋಡಿ ವಾಪಸ್ ಕಳಿಸಿದರು.

ಪ್ರಶ್ನೆ ಕೇಳಿದ ತಮ್ಮ, ನಿನ್ನ ನೌಕರಿ ಕಾಯಂ ಆಗಿದೆಯಾ? ಆಗಿದ್ದರೆ ಪ್ಲಾಟ್ ನೋಡು. ಆದರೆ ಎನ್‌ಎ ಆಗಿದೆಯಾ, ಅಂದರೆ ಹೊಲದ ಜಮೀನನ್ನು ಕೃಷಿಯೇತರ ಅಂತ ಸರ್ಕಾರದಲ್ಲಿ ಬದಲಿಸಿಕೊಂಡಿದ್ದಾರಾ ಅಂತ ಮೊದಲು ಕೇಳು. ಹೊಲವನ್ನೇ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರುವವರು ಬೇಕಾದಷ್ಟು ಇದ್ದಾರೆ.

ಪ್ರಶ್ನೆ ಕೇಳಿದವರು:
ಎಲ್ಲಿ ಕಾಯಂ ಅಕ್ಕಾ? ಗೆಸ್ಟ್ ಲೆಕ್ಚರರ್ ನಾನು, ವರ್ಷ ವರ್ಷ ಹೊಸ ಆರ್ಡರ್. ಎನ್‌ಎ ವಿಷಯ ಇವತ್ತೇ ಅಪ್ಪನಿಗೆ ಹೇಳುತ್ತೇನೆ. ಅವರು ರಿಂಗ್ ರೋಡ್ ಆಚೆ ಈಗಾಗಲೇ ಒಂದು ನೋಡಿಟ್ಟಿದ್ದಾರೆ.