ಔಲಿ ಪಕ್ಕದ ಪಂಗಾರ್‌ಚೂಲಾ ಶಿಖರ: ಏಪ್ರಿಲ್ ಕೊನೆಗೆ ಉಡುಪಿಯಿಂದ ಹೊರಟರೆ ಈ ಪ್ಲ್ಯಾನ್ ನಡೆಯುತ್ತದಾ?

ಪಡುಕೆರೆ ನಡಿಗೆ:

ಎಲ್ಲರಿಗೂ ನಮಸ್ಕಾರ. ಉಡುಪಿ, ಮಣಿಪಾಲದ ನಾವು ನಾಲ್ವರು, 27ರಿಂದ 44 ವಯಸ್ಸಿನವರು, ಏಪ್ರಿಲ್ ಕೊನೆಯ ವಾರ ಪಂಗಾರ್‌ಚೂಲಾ ಹತ್ತಬೇಕೆಂದಿದ್ದೇವೆ. ಉತ್ತರಾಖಂಡದ ಔಲಿ ಸ್ಕೀ ಇಳಿಜಾರುಗಳಿಗೆ ಹತ್ತಿರದ ಶಿಖರ, ಎತ್ತರ ಸುಮಾರು 4,590 ಮೀಟರ್. ಕುಮಾರ ಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿಯುವಷ್ಟು ಕಾಲು ಗಟ್ಟಿ ಉಂಟು, ಆದರೆ ಹಿಮದ ಮೇಲೆ ಯಾರೂ ನಡೆದವರಲ್ಲ.

ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಯ ನಿಜಾಮುದ್ದೀನ್, ಅಲ್ಲಿಂದ ಬಸ್ಸಲ್ಲಿ ಋಷಿಕೇಶ, ಮರುದಿನ ಜೋಶಿಮಠ. ಆಮೇಲೆ ಮೊದಲ ದಿನ ರೋಪ್‌ವೇಯಲ್ಲಿ ಔಲಿಗೆ ಏರಿ, ಅಲ್ಲಿಂದಲೇ ನಡೆದು ಖುಲ್ಲಾರಾ ಕ್ಯಾಂಪ್. ಎರಡನೇ ದಿನ ತಿಂಡಿ ತಿಂದು 6 ಗಂಟೆಗೆ ಹೊರಟು ಶಿಖರ. ಮೂರನೇ ದಿನ ಇಳಿದು ಬರುವುದು. ಇದು ಸರಿಯುಂಟಾ? ಶೂ, ಹಿಮದಲ್ಲಿ ಜಾರದಂತೆ ಅದರ ಅಡಿಗೆ ಹಾಕುವ ಸ್ಪೈಕ್ಸ್ ಎಂತದ್ದು ಬೇಕು? ಎತ್ತರದ ಕಾಯಿಲೆ ತಡೆಯುವ ಡೈಮಾಕ್ಸ್ ಮಾತ್ರೆ ತೆಗೆದುಕೊಳ್ಳಬೇಕಾ?

ಘಟ್ಟದ ಹಾದಿ:

ಮಾರಾಯ್ರೆ, ಈ ಲೆಕ್ಕದಲ್ಲಿ ಹೋಗಬೇಡಿ. ನಾಲ್ವರಲ್ಲಿ ಇಬ್ಬರಾದರೂ ಖುಲ್ಲಾರಾದಲ್ಲೇ ತಲೆ ಹಿಡಿದುಕೊಂಡು ಕೂರುತ್ತಾರೆ.

ಮೊದಲು ರೋಪ್‌ವೇ ವಿಷಯ. 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ ಅದನ್ನು ನಿಲ್ಲಿಸಿದ್ದರು. ಅದನ್ನು ನಂಬಿ ದಿನ ಗುರುತು ಹಾಕಬೇಡಿ. ರಸ್ತೆಯಲ್ಲಿ ಜೀಪು ಹೋಗುತ್ತದೆ, ಸುಮಾರು 14 ಕಿ.ಮೀ. ಊರಿನ ಹೆಸರನ್ನು 2024ರಲ್ಲಿ ಜ್ಯೋತಿರ್ಮಠ ಎಂದು ಬದಲಿಸಿದ್ದಾರೆ. ಬುಕಿಂಗ್ ಮಾಡುವಾಗ ಎರಡೂ ಹೆಸರು ಕಾಣುತ್ತದೆ, ಗಲಿಬಿಲಿ ಬೇಡ.

ಈಗ ಎತ್ತರ. ಉಡುಪಿ ಸಮುದ್ರಮಟ್ಟ. ಜೋಶಿಮಠ ಸುಮಾರು 1,890 ಮೀಟರ್, ಖುಲ್ಲಾರಾ ಸುಮಾರು 3,400, ಶಿಖರ 4,590. ಅಷ್ಟು ಮೇಲೆ ಗಾಳಿಯ ಒತ್ತಡ ನಮ್ಮ ಕಡಲ ದಂಡೆಯದರ 57–58%ರಷ್ಟು ಮಾತ್ರ. ಗಾಳಿಯಲ್ಲಿ ಆಮ್ಲಜನಕದ ಪಾಲು ಅದೇ 21%, ಆದರೆ ಒಂದು ಉಸಿರಿಗೆ ಸಿಗುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇದಕ್ಕೆ ದೇಹ ಹೊಂದಿಕೊಳ್ಳಲು ದಿನಗಳೇ ಬೇಕು. ಗಟ್ಟಿ ಕಾಲು ಇಲ್ಲಿ ಏನೂ ಸಹಾಯ ಮಾಡುವುದಿಲ್ಲ. ಒಳ್ಳೆಯ ಓಟಗಾರರೇ ಹೆಚ್ಚು ಸಿಕ್ಕಿಬೀಳುತ್ತಾರೆ, ಬೇಗ ಬೇಗ ಏರಿಬಿಡುತ್ತಾರಲ್ಲ, ಅದಕ್ಕೆ. ಕುಮಾರ ಪರ್ವತ 1,712 ಮೀಟರ್, ಕಾಲಿಗೆ ಒಳ್ಳೆಯ ಅಭ್ಯಾಸ, ಎತ್ತರದ ಅಭ್ಯಾಸ ಖಂಡಿತ ಅಲ್ಲ.

ನಿಯಮ ಸರಳ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು. ಹಗಲು ಅದಕ್ಕಿಂತ ಮೇಲೆ ಹೋಗಿ ಬಂದರೆ ಅಡ್ಡಿಯಿಲ್ಲ, ಒಳ್ಳೆಯದೇ.

ಹಾಗಾಗಿ ಜೋಶಿಮಠದಲ್ಲಿ ಎರಡು ರಾತ್ರಿ ಇರಿ. ನಡುವಿನ ದಿನ ಜೀಪಿನಲ್ಲಿ ಔಲಿಗೆ ಹೋಗಿ ಗೋರ್ಸನ್ ಬುಗ್ಯಾಲ್‌ವರೆಗೆ ನಡೆದು ಇಳಿಯಿರಿ (ಬುಗ್ಯಾಲ್ ಅಂದರೆ ಎತ್ತರದ ಹುಲ್ಲುಗಾವಲು). ಔಲಿಯಿಂದ ಸುಮಾರು 3 ಕಿ.ಮೀ., ನಂದಾದೇವಿ (7,816 ಮೀ.), ದುನಾಗಿರಿ (7,066 ಮೀ.) ಕಣ್ಣೆದುರು ನಿಲ್ಲುತ್ತವೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆದ ಸ್ಕೀ ಇಳಿಜಾರುಗಳೂ ಅಲ್ಲೇ. ಏಪ್ರಿಲ್ ಕೊನೆಗೆ ಅಲ್ಲಿ ಸ್ಕೀಯಿಂಗ್ ಮುಗಿದಿರುತ್ತದೆ, ಅದಕ್ಕೆ ಜನವರಿಯಿಂದ ಮಾರ್ಚ್ ಮೊದಲರ್ಧವೇ ಕಾಲ. ಆಮೇಲೆ ನೀತಿ ಕಣಿವೆಯ ರಸ್ತೆಯಲ್ಲಿ ಢಾಕ್ ಹಳ್ಳಿ. ಅಲ್ಲಿಂದ ನಡೆದು ಗುಲ್ಲಿಂಗ್ (ಸುಮಾರು 2,900 ಮೀ.), ಮರುದಿನ ಖುಲ್ಲಾರಾ. ಖುಲ್ಲಾರಾದಲ್ಲಿ ಪೂರ್ತಿ ಒಂದು ದಿನ ಉಳಿದು ಕುವಾರಿ ಪಾಸ್ ಕಡೆಗೆ ಹೋಗಿಬನ್ನಿ, ಹಿಮದಲ್ಲಿ ಕಾಲಿಡುವುದನ್ನೂ ಆ ದಿನವೇ ಕಲಿಯಿರಿ. ಅದರ ಮರುದಿನ ಶಿಖರ, ನಂತರ ಹವೆ ಕೆಟ್ಟರೆ ಅಂತ ಒಂದು ಖಾಲಿ ದಿನ. ಔಲಿಯನ್ನು ಇಳಿಯುವ ದಾರಿಯಾಗಿ ಇಟ್ಟುಕೊಳ್ಳಬಹುದು. ಆ ದಾರಿಯಲ್ಲಿ ತಾಳಿ ಎಂಬ ಜಾಗದ ಬಳಿಯ ಅಡ್ಡ ಹಾದಿ ಕಿರಿದು, ಹಿಮ ಕೂತಿದ್ದರೆ ಜಾರುತ್ತದೆ. ಹಾಗಿದ್ದರೆ ಬಂದ ದಾರಿಯಲ್ಲೇ ಢಾಕ್‌ಗೆ ಇಳಿಯಿರಿ.

ಕಡಲತಡಿ:

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಆದರೆ ನಿಮ್ಮ ಪ್ಲ್ಯಾನಿನಲ್ಲಿ ನನಗೆ ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಆ "ತಿಂಡಿ ತಿಂದು 6 ಗಂಟೆಗೆ". ಆ ಹೊತ್ತಿಗೆ ನೀವು ಅರ್ಧ ದಾರಿ ದಾಟಿರಬೇಕು.

ಖುಲ್ಲಾರಾದಿಂದ ತುದಿಗೆ ಸುಮಾರು 1,200 ಮೀಟರ್ ಏರು. ಆ ಎತ್ತರದಲ್ಲಿ ಹೊಸಬರು ಗಂಟೆಗೆ 200 ಮೀಟರ್ ಏರಿದರೆ ಒಳ್ಳೆಯ ನಡಿಗೆ ಅಂತ ಲೆಕ್ಕ. ಅಂದರೆ 6 ಗಂಟೆ, ನಿಲ್ಲುವುದು, ನೀರು, ಸ್ಪೈಕ್ಸ್ ಹಾಕುವುದು ಸೇರಿ 7. ಬೆಳಗಿನ ಜಾವ 2ಕ್ಕೆ ಕ್ಯಾಂಪ್ ಬಿಟ್ಟರೆ 9ಕ್ಕೆ ತುದಿ. ನೀವು 6ಕ್ಕೆ ಬಿಟ್ಟರೆ ಮಧ್ಯಾಹ್ನ 1.

ವ್ಯತ್ಯಾಸ ಎಲ್ಲಿ ಅಂದರೆ ಹಿಮದಲ್ಲಿ. ಏಪ್ರಿಲ್ ಹಿಮ ರಾತ್ರಿ ಹೆಪ್ಪುಗಟ್ಟಿ ಮೇಲ್ಪದರ ಗಟ್ಟಿಯಾಗುತ್ತದೆ, ಅದರ ಮೇಲೆ ಸ್ಪೈಕ್ಸ್ ಕಚ್ಚಿ ಹಿಡಿಯುತ್ತದೆ. ಬಿಸಿಲು ಬಿದ್ದು ಎರಡು ಮೂರು ಗಂಟೆಯಾದರೆ ಅದೇ ಹಿಮ ನೆನೆದ ಅವಲಕ್ಕಿ ಥರ. ಪ್ರತಿ ಹೆಜ್ಜೆಗೂ ಮೊಣಕಾಲು, ಕೆಲವೊಮ್ಮೆ ತೊಡೆಯವರೆಗೂ ಹೂತು ಹೋಗುತ್ತದೆ. ಪಂಗಾರ್‌ಚೂಲಾದಲ್ಲಿ ಇದು ಇನ್ನೂ ಕೆಟ್ಟದು, ಯಾಕೆಂದರೆ ಮೇಲಿನ ಇಳಿಜಾರು ಪೂರ್ತಿ ದೊಡ್ಡ ಬಂಡೆಗಳ ರಾಶಿ, ಹಿಮ ಅದನ್ನು ಮುಚ್ಚಿರುತ್ತದೆ. ಬಂಡೆ ಬಿಸಿಲಿಗೆ ಕಾದು ಸುತ್ತಲಿನ ಹಿಮ ಒಳಗಿಂದ ಕರಗುತ್ತದೆ, ಮೇಲೆ ತೆಳು ಪದರ ಮಾತ್ರ ಉಳಿಯುತ್ತದೆ. ಕಾಲು ಎರಡು ಬಂಡೆಗಳ ನಡುವೆ ಸಿಕ್ಕಿ, ಮೈ ಮುಂದೆ ಬಿದ್ದರೆ ಮುಂಗಾಲಿನ ಮೂಳೆ ಮುರಿಯುತ್ತದೆ. ಕಪ್ಪು ಕಲ್ಲು ಇಣುಕುವ ಕಡೆ ಅದಕ್ಕೆ ಅಂಟಿಕೊಂಡು ಕಾಲಿಡಬೇಡಿ. ಒಂದೋ ಕಲ್ಲಿನ ತಲೆಯ ಮೇಲೇ ಇಡಿ, ಇಲ್ಲ ಎರಡಡಿ ದೂರ ಇಡಿ. ಹೂತ ಕಾಲನ್ನು ಜೋರಾಗಿ ಎಳೆಯಬಾರದು. ಕೂತು, ಸುತ್ತಲಿನ ಹಿಮವನ್ನು ಕೈಯಿಂದ ತೋಡಿ, ಹಿಮ್ಮಡಿ ಸಡಿಲ ಮಾಡಿ ತೆಗೆಯಬೇಕು.

ಇನ್ನೊಂದು, ಹಿಂದಿರುಗುವ ಗಂಟೆ. ಕ್ಯಾಂಪಿನಲ್ಲೇ ನಾಲ್ವರೂ ಒಪ್ಪಿಕೊಂಡು ಹೊರಡಿ: ಎಲ್ಲಿದ್ದರೂ 10ಕ್ಕೆ ತಿರುಗುವುದು. ತುದಿಗೆ ಮುಂಚೆ ಇದೇ ತುದಿ ಅಂತ ಮೋಸ ಮಾಡುವ ದಿಬ್ಬಗಳಿವೆ, "ಇನ್ನು ಅರ್ಧ ಗಂಟೆ" ಅನ್ನುವ ಮಾತು ಅಲ್ಲೇ ಹುಟ್ಟುವುದು. ಮಧ್ಯಾಹ್ನದ ನಂತರ ಮೋಡ ಮುಚ್ಚಿದರೆ ಬಂದ ಹೆಜ್ಜೆ ಗುರುತೂ ಕಾಣುವುದಿಲ್ಲ. ಹಿಂದಿನ ರಾತ್ರಿ ಮೋಡ ಕವಿದು ಹಿಮ ಹೆಪ್ಪುಗಟ್ಟಿಲ್ಲ, ಟೆಂಟ್ ಹೊರಗೆ ಕಾಲಿಟ್ಟರೆ ಬೂಟು ಹೂಳುತ್ತದೆ ಅಂತಾದರೆ ಆ ದಿನ ಹೊರಡಲೇಬೇಡಿ. ಖಾಲಿ ದಿನ ಇಟ್ಟುಕೊಳ್ಳುವುದು ಅದಕ್ಕೇ.

ಮಲ್ಪೆ ಬಂದರು:

ಸಾಮಾನಿನ ಬಗ್ಗೆ. ಶೂ ಹಿಮ್ಮಡಿಗಂಟು ಮುಚ್ಚುವಂಥದ್ದು, ನೀರು ಒಳಗೆ ಬಿಡದ್ದು, ಅಡಿ ಸುಲಭವಾಗಿ ಬಾಗದ್ದು ಇರಲಿ. ದಪ್ಪ ಉಣ್ಣೆ ಕಾಲುಚೀಲ ಹಾಕಿಕೊಂಡೇ ಅಂಗಡಿಯಲ್ಲಿ ಅಳತೆ ನೋಡಿ. ಇಳಿಯುವಾಗ ಬೆರಳು ಮುಂದೆ ತಾಗಿದರೆ ಉಗುರು ಕಪ್ಪಾಗಿ ಹೋಗುತ್ತದೆ. ಕೊನೇ ವಾರ ಕೊಂಡು ಹೋಗಬೇಡಿ, ಕನಿಷ್ಠ 60–70 ಕಿ.ಮೀ. ನಡೆದಿರಬೇಕು.

ಸ್ಪೈಕ್ಸ್ ಅಂದರೆ ಇಲ್ಲಿ ಮೈಕ್ರೋಸ್ಪೈಕ್ಸ್, ರಬ್ಬರ್ ಪಟ್ಟಿಗೆ ಸರಪಳಿ, ಸಣ್ಣ ಹಲ್ಲು. ಅದರ ಜೊತೆ ಗೇಟರ್ಸ್ (ಶೂ ಬಾಯಿ ಮುಚ್ಚುವಂತೆ ಕಾಲಿಗೆ ಸುತ್ತುವ ಹೊದಿಕೆ), ಇಲ್ಲದಿದ್ದರೆ ಹಿಮ ಶೂ ಒಳಗೆ ಬಿದ್ದು ಕರಗಿ, ಕಾಲು ಒದ್ದೆ, ಆಮೇಲೆ ಮರಗಟ್ಟುತ್ತದೆ. ಇವೆರಡನ್ನೂ ಜೋಶಿಮಠದಲ್ಲಿ ಅಥವಾ ಟ್ರೆಕ್ ನಡೆಸುವವರ ಹತ್ತಿರ ಬಾಡಿಗೆಗೆ ಪಡೆಯಿರಿ, ಒಂದು ಟ್ರೆಕ್ಕಿಗೆ ಕೊಳ್ಳುವುದು ದಂಡ. ಕೈಗೆ ಬಂದ ಕೂಡಲೇ ಶೂಗೆ ಹಾಕಿ, ಸರಪಳಿ ಕೊಂಡಿ ತೆರೆದಿದೆಯಾ ನೋಡಿ. ಕತ್ತಲಲ್ಲಿ ಕೈಗವಸು ಹಾಕಿಕೊಂಡು ಅದನ್ನು ಸರಿಮಾಡಲಿಕ್ಕೆ ಆಗುವುದಿಲ್ಲ.

ನೀರು ತಲಾ 3 ಲೀಟರ್. ಪೈಪಿನ ನೀರಿನ ಚೀಲ ಬೇಡ, ಮೊದಲು ಹೆಪ್ಪುಗಟ್ಟುವುದು ಪೈಪೇ. ಅಗಲ ಬಾಯಿಯ ಬಾಟಲಿಯನ್ನು ತಲೆಕೆಳಗಾಗಿ ಇಡಿ, ಮಂಜು ಮೇಲಿನಿಂದ ಕಟ್ಟುವುದರಿಂದ ಮುಚ್ಚಳದ ಬದಿ ನೀರಾಗಿಯೇ ಇರುತ್ತದೆ. ಫೋನು, ಪವರ್ ಬ್ಯಾಂಕ್, ಹೆಡ್‌ಲ್ಯಾಂಪ್ ಬ್ಯಾಟರಿ ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ. ಕನ್ನಡಕ ಕಪ್ಪಗಿದ್ದರೆ ಸಾಲದು, ಅತಿನೇರಳೆ ಕಿರಣ ತಡೆಯುವಂಥದ್ದು, ಬದಿಯೂ ಮುಚ್ಚುವಂಥದ್ದು ಬೇಕು. ಹೊಸ ಹಿಮ ಆ ಕಿರಣದ 80%ವರೆಗೂ ತಿರುಗಿಸಿ ಕಣ್ಣಿಗೆ ಹೊಡೆಯುತ್ತದೆ. ಮೂಗಿನ ಹೊಳ್ಳೆಯ ಕೆಳಭಾಗ, ಗಲ್ಲದ ಅಡಿಗೂ ಸನ್‌ಸ್ಕ್ರೀನ್ ಹಚ್ಚಿ.

ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಂದೇಶ ಸಾಧನ ಯಾರಾದರೂ ಕೊಟ್ಟರೂ ಒಯ್ಯಬೇಡಿ. ಭಾರತದಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ.

ಪಡುಕೆರೆ ನಡಿಗೆ:

ಎಲ್ಲರಿಗೂ ತುಂಬಾ ಉಪಕಾರ. ಪ್ಲ್ಯಾನ್ ಪೂರ್ತಿ ಬದಲಿಸುತ್ತೇವೆ. ಇನ್ನೂ ಎರಡು ಕೇಳಲಿಕ್ಕುಂಟು. ನಮ್ಮಲ್ಲಿ ಒಬ್ಬರಿಗೆ ಬಿಪಿ ಮಾತ್ರೆ ಉಂಟು, ಡೈಮಾಕ್ಸ್ ಆಗುತ್ತದಾ? ಮತ್ತೆ, ದಾರಿ ಜಿಪಿಎಸ್‌ನಲ್ಲಿ ಸಿಗುವುದರಿಂದ ಗೈಡ್ ಇಲ್ಲದೆ ಹೋಗಬಹುದಾ?

ಘಟ್ಟದ ಹಾದಿ:

ಗೈಡ್ ಬೇಕು, ಅದರಲ್ಲಿ ಚರ್ಚೆ ಬೇಡ. ಜಿಪಿಎಸ್ ಗೆರೆ ಹೋದ ವರ್ಷದ ಹಿಮದ ಮೇಲಿನದು. ಈ ವರ್ಷ ಯಾವ ಬದಿ ಹಿಮ ಗಟ್ಟಿ, ಎಲ್ಲಿ ಬಂಡೆ ನಡುವೆ ಪೊಳ್ಳು ಅಂತ ಅದಕ್ಕೆ ಗೊತ್ತಿಲ್ಲ. ಢಾಕ್, ತುಗಾಸಿ ಸುತ್ತಲಿನ ಹಳ್ಳಿಯವರು ಇದ್ದರೆ ಒಳ್ಳೆಯದು. ನಾಲ್ವರಿಗೆ ಒಬ್ಬ ಗೈಡ್ ಜೊತೆ ಒಬ್ಬ ಸಹಾಯಕ ಇರಲಿ, ಯಾಕೆಂದರೆ ಒಬ್ಬರಿಗೆ ಆಗದೆ ಇಳಿಯಬೇಕಾದರೆ ಅವರ ಜೊತೆ ಹೋಗಲು ಜನ ಬೇಕಲ್ಲ. ಇಲ್ಲದಿದ್ದರೆ ನಾಲ್ವರೂ ಇಳಿಯಬೇಕು, ಅಥವಾ ಅವರನ್ನು ಒಬ್ಬರನ್ನೇ ಬಿಡಬೇಕು. ಎರಡನೆಯದನ್ನು ಯಾವತ್ತೂ ಮಾಡಬಾರದು. ಅರಣ್ಯ ಇಲಾಖೆಯ ಪರವಾನಗಿಯನ್ನು ಜೋಶಿಮಠದಲ್ಲಿ ಮಾಡಿಸಬೇಕು, ಆಧಾರ್ ಪ್ರತಿ ಒಯ್ಯಿರಿ. ಬುಗ್ಯಾಲ್‌ಗಳ ಮೇಲೆ ರಾತ್ರಿ ತಂಗುವುದನ್ನು ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ತಡೆದಿತ್ತು, ಹಾಗಾಗಿ ಟೆಂಟ್ ಎಲ್ಲಿ ಹಾಕುವುದು ಅಂತ ಪರವಾನಗಿ ಮಾಡಿಸುವಾಗಲೇ ಕೇಳಿ.

ಡೈಮಾಕ್ಸ್ ಅಂದರೆ ಅಸೆಟಜೋಲಮೈಡ್. ತಡೆಗಟ್ಟಲು ಸಾಮಾನ್ಯ ಪ್ರಮಾಣ 125 ಮಿ.ಗ್ರಾಂ., ದಿನಕ್ಕೆ ಎರಡು ಸಲ, ಏರಲು ಶುರು ಮಾಡುವ ಹಿಂದಿನ ದಿನದಿಂದ. ಅಂಗಡಿಯಲ್ಲಿ ಸಾಧಾರಣ ಸಿಗುವುದು 250ರ ಮಾತ್ರೆ, ಅರ್ಧ ಮಾಡಬೇಕು. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಹೆಚ್ಚು, ಅದು ಸಹಜ. ಆದರೆ ಬಿಪಿಯವರು ಮಾತ್ರೆಯ ಚೀಟಿಯನ್ನು ವೈದ್ಯರಿಗೆ ತೋರಿಸಿಯೇ ತೆಗೆದುಕೊಳ್ಳಬೇಕು. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿದ್ದರೆ ಎರಡೂ ಕೂಡಿ ದೇಹ ಒಣಗಿ ಪೊಟ್ಯಾಸಿಯಂ ಇಳಿಯಬಹುದು. ಸಲ್ಫಾ ಅಲರ್ಜಿ ಇದ್ದರೆ ಅದನ್ನೂ ಹೇಳಬೇಕು. ಒಂದು ಮಾತ್ರೆಯನ್ನು ಊರಲ್ಲೇ ತಿಂದು ನೋಡಿ, ಅಲರ್ಜಿ ಇದ್ದರೆ ಗೊತ್ತಾಗುವುದು ಮನೆಯಲ್ಲಾಗಲಿ.

ಮಾತ್ರೆ ತಿಂದರೂ ಲಕ್ಷಣ ನೋಡುತ್ತಿರಬೇಕು. ತಲೆನೋವು, ವಾಕರಿಕೆ, ಹಸಿವಿಲ್ಲ ಅಂದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಒಂದು ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೇಳಿ. ಕುಡಿದವರಂತೆ ವಾಲಿದರೆ, ಅಥವಾ ಸುಮ್ಮನೆ ಕೂತಾಗಲೂ ಏದುಸಿರು, ಒದ್ದೆ ಕೆಮ್ಮು ಬಂದರೆ ರಾತ್ರಿಯಾದರೂ ಆಗಲೇ ಇಳಿಸಬೇಕು, ಬೆಳಿಗ್ಗೆ ನೋಡೋಣ ಅನ್ನಬಾರದು.

ಕಡಲತಡಿ:

ತಯಾರಿ ಬಗ್ಗೆ ಯಾರೂ ಹೇಳಲಿಲ್ಲ. ಫೆಬ್ರವರಿಯಿಂದ ಮೇವರೆಗೆ ಕಾಡುಬೆಂಕಿಯ ಭಯಕ್ಕೆ ಕುಮಾರ ಪರ್ವತ ಹೆಚ್ಚಾಗಿ ಮುಚ್ಚಿರುತ್ತದೆ, ಹಾಗಾಗಿ ಅದನ್ನು ಡಿಸೆಂಬರ್–ಜನವರಿಯಲ್ಲಿ ಮುಗಿಸಿಕೊಳ್ಳಿ. ಆಮೇಲೆ ನಮಗಿರುವುದು ಅಪಾರ್ಟ್‌ಮೆಂಟಿನ ಮೆಟ್ಟಿಲು. ಒಂದು ಮಹಡಿ ಸುಮಾರು 3 ಮೀಟರ್, ಶಿಖರದ ದಿನ ಅಂದರೆ 400 ಮಹಡಿ. ಬೆನ್ನಿಗೆ 8 ಕಿಲೋ ಹೊತ್ತು ಗಂಟೆಗೆ 100 ಮಹಡಿ ಲೆಕ್ಕದಲ್ಲಿ ಎರಡು ಗಂಟೆ, ವಾರಕ್ಕೆ ಎರಡು ದಿನ. ಇಳಿಯಲು ಲಿಫ್ಟ್ ಹಿಡಿಯಬೇಡಿ. ಬೆಟ್ಟದಲ್ಲಿ ಮಂಡಿ ಕೈಕೊಡುವುದು ಇಳಿಯುವಾಗ, ತೊಡೆಯ ಮುಂಭಾಗಕ್ಕೆ ಆ ಅಭ್ಯಾಸ ಬೇಕು. ವಾರಕ್ಕೊಮ್ಮೆ ಮಲ್ಪೆ ಅಥವಾ ಪಣಂಬೂರಿನ ಒಣ ಮರಳಿನಲ್ಲಿ 8–10 ಕಿ.ಮೀ. ನಡೆದರೆ ಮೆತ್ತಗಿನ ಹಿಮದಲ್ಲಿ ಕಾಲೆತ್ತುವ ಸುಸ್ತು ಹೇಗಿರುತ್ತದೆ ಅಂತ ಸ್ವಲ್ಪ ಗೊತ್ತಾಗುತ್ತದೆ. ನಮ್ಮ ಮಾರ್ಚ್ ಸೆಕೆಗೆ ಇದೆಲ್ಲ ಬೆಳಿಗ್ಗೆ 6ರ ಒಳಗೆ ಮುಗಿಯಬೇಕು, ಜೊತೆಗೆ ಒಆರ್‌ಎಸ್ ಇರಲಿ. ಕೊನೇ ವಾರ ವಿಶ್ರಾಂತಿ.

ಮಲ್ಪೆ ಬಂದರು:

ಒಂದು ಬಾಕಿ ಉಳಿಯಿತು. ಬದರಿನಾಥದ ಬಾಗಿಲು ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇ ಮೊದಲರ್ಧದಲ್ಲಿ ತೆರೆಯುತ್ತದೆ. ಯಾತ್ರೆಯ ವಾಹನಗಳೆಲ್ಲ ಜೋಶಿಮಠದ ಮೇಲೆಯೇ ಹೋಗುವುದು. ಆ ವರ್ಷದ ದಿನಾಂಕ ನೋಡಿ, ಅದಕ್ಕಿಂತ ಒಂದು ವಾರ ಮುಂಚೆಯೇ ಇಳಿದು ಬರುವ ಹಾಗೆ ಟಿಕೆಟ್ ಮಾಡಿ. ಋಷಿಕೇಶದಿಂದ ಜೋಶಿಮಠ ಸುಮಾರು 250 ಕಿ.ಮೀ., 9–10 ಗಂಟೆ. ರಾತ್ರಿ ಆ ಘಾಟಿಯಲ್ಲಿ ವಾಹನ ಬಿಡುವುದಿಲ್ಲ, ಬೆಳಿಗ್ಗೆ 5ರ ಬಸ್ಸು ಹಿಡಿಯಬೇಕು. ಹಿಂದೆ ಬರುವಾಗ ಗುಡ್ಡ ಕುಸಿದು ರಸ್ತೆ ನಿಂತರೆ ದೆಹಲಿಯ ರೈಲು ತಪ್ಪುತ್ತದೆ. ಋಷಿಕೇಶಕ್ಕೆ ಬಂದ ಮರುದಿನ ರಾತ್ರಿ ದೆಹಲಿಗೆ, ಅದರ ಮರುದಿನದ ಮಂಗಳಾಕ್ಕೆ ಬುಕ್ ಮಾಡಿ.