ಡೌಟು ಅಂದ್ರೆ ಹೌದೋ, ಅಲ್ವೋ?

ಪ್ರಶ್ನೆ: ಬೆಂಗಳೂರಲ್ಲಿ ಸಾಫ್ಟ್‌ವೇರ್ ಸಪೋರ್ಟ್ ಕೆಲಸ, ಓದಿದ್ದು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಮೊನ್ನೆ ನೈಟ್ ಶಿಫ್ಟಲ್ಲಿ ಅಮೆರಿಕದ ಟೀಮಿಗೆ ‘ಐ ಡೌಟ್ ದ ಸರ್ವರ್ ಈಸ್ ಡೌನ್’ ಅಂತ ಬರೆದೆ. ಸರ್ವರ್ರೇ ಬಿದ್ದಿರಬೇಕು ಅಂತ ನನ್ನ ಲೆಕ್ಕ. ಅವರು ಸರ್ವರ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಎರಡು ಗಂಟೆ ತಡಕಾಡಿದರು. ಕೊನೆಗೆ ನೋಡಿದರೆ ಬಿದ್ದಿದ್ದು ಸರ್ವರ್ರೇ. ಬೈಸಿಕೊಂಡಿದ್ದು ನಾನು. ಡೌಟ್ ಅಂದ್ರೆ ಅನುಮಾನ ತಾನೇ? ನಿಮಗ್ಯಾರಿಗಾದರೂ ಹೀಗಾಗಿದೆಯಾ?

ಶಿವಮೊಗ್ಗದ ನಿವೃತ್ತ ಇಂಗ್ಲಿಷ್ ಮೇಷ್ಟ್ರು: ನಾವು ಕನ್ನಡದಲ್ಲಿ ಡೌಟನ್ನು ಎರಡು ಥರ ಆಡ್ತೀವಿ. ‘ಅವನು ಬರೋದು ಡೌಟು’ ಅಂದರೆ ಬರಲಾರ. ‘ಅವನೇ ಕದ್ದಿದಾನೆ ಅಂತ ಡೌಟು’ ಅಂದರೆ ಕದ್ದಿರಬಹುದು. ಇವತ್ತಿನ ಇಂಗ್ಲಿಷಿನ ‘ಐ ಡೌಟ್’ ಮೊದಲನೆಯದಕ್ಕೆ ಮಾತ್ರ ಹೊಂದುತ್ತೆ. ಎರಡನೆಯದಕ್ಕೆ ‘ಐ ಸಸ್ಪೆಕ್ಟ್’ ಅನ್ನಬೇಕು. ಸಸ್ಪೆಕ್ಟ್ ಪೊಲೀಸರ ಮಾತು ಅಂತ ಹೆದರಬೇಡಿ, ಸರ್ವರ್ ಮೇಲೂ ಧಾರಾಳವಾಗಿ ಹಾಕಬಹುದು.

ಎಡವಟ್ಟಾಗೋದು ‘ಅನುಮಾನ’ದಿಂದ. ತರ್ಕಶಾಸ್ತ್ರದಲ್ಲಿ ಗುಡ್ಡದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಅಂತ ತಿಳಿಯೋದಕ್ಕೆ ಅನುಮಾನ ಅಂತಾರೆ. ನಮ್ಮ ಆಡುಮಾತಿನ ಅನುಮಾನಕ್ಕೂ ಆ ಹೊಗೆ ವಾಸನೆ ಹೋಗಿಲ್ಲ. ಏನೋ ಸುಳಿವು ಸಿಕ್ಕಿ ‘ಇದ್ದೀತು’ ಅನ್ನಿಸಿದಾಗಲೇ ಅನುಮಾನ ಪಡ್ತೀವಿ. ಇಂಗ್ಲಿಷಿನ ಡೌಟು ‘ಇರಲಾರದು’ ಕಡೆ ವಾಲುತ್ತೆ. ಮಕ್ಕಳಿಗೆಲ್ಲ ‘ಡೌಟ್ ಎಂದರೆ ಅನುಮಾನ’ ಅಂತ ಒಂದೇ ಸಾಲಲ್ಲಿ ಬರೆಸಿದವನು ನಾನೇ, ಹಾಗಾಗಿ ನಿಮ್ಮ ಬೈಗುಳದಲ್ಲಿ ನನಗೂ ಪಾಲಿದೆ.

ಧಾರವಾಡದವರು: ಸರ, ಎಲ್ಲಾ ಕಡೆ ಹಂಗಿಲ್ಲ ನೋಡ್ರಿ. ನಾ ಓದಾಕ ಎಡಿನ್‌ಬರೋದಾಗ ಇದ್ದೆ. ಒಂದಿನ ಮನಿ ಮಾಲಕಿ ಅಜ್ಜಿ ಕಿಡಕಿ ಹೊರಗ ನೋಡಿ ‘ಐ ಡೌಟ್ ಇಟ್ಸ್ ಗೋಯಿಂಗ್ ಟು ರೇನ್’ ಅಂದ್ರು. ಮಳಿ ಬರೂದಿಲ್ಲ ಅಂತ ಛತ್ರಿ ಬಿಟ್ಟು ಹೋದೆ, ಪೂರಾ ತೊಯ್ಸಿಕೊಂಡು ಬಂದೆ. ಸ್ಕಾಟ್ಲೆಂಡಿನ ಮಂದಿ ಡೌಟ್ ಅಂದ್ರ ನಮ್ಮಂಗ ‘ಬರ್ತೈತಿ ಅನಸ್ತೈತಿ’ ಅಂತನೂ ಅರ್ಥ ಐತಂತ. ಹಳೇ ಇಂಗ್ಲಿಷ್‌ನ್ಯಾಗೂ ಡೌಟ್ ಅಂದ್ರ ಅಂಜಿಕಿ, ಶಂಕಿ ಅಂತ ಇತ್ತು. ತಮ್ಮಾ, ನೀ ಸ್ಕಾಟ್ಲೆಂಡಿನ ಟೀಮಿಗೆ ಬರ್ದು ಕಳಿಸಿದ್ರ ಬೈಸಿಕೋತಿದ್ದಿಲ್ಲ ಬಿಡು.

ಅಮೆರಿಕದಲ್ಲಿ ಓದುತ್ತಿರುವ ಮೈಸೂರಿನ ಹುಡುಗಿ: ನನ್ನದು ಬೇರೆ ಕಥೆ. ಕ್ಲಾಸಲ್ಲಿ ಕೈ ಎತ್ತಿ ‘ಐ ಹ್ಯಾವ್ ಎ ಡೌಟ್’ ಅಂದೆ. ಪ್ರೊಫೆಸರ್ ಮುಖ ಬಿಗಿದುಕೊಂಡು, ‘ನನ್ನ ಲೆಕ್ಕದಲ್ಲಿ ಯಾವುದು ನಂಬೋಕಾಗ್ತಿಲ್ಲ?’ ಅಂತ ಕೇಳಿದರು. ನಾನು ಬರೀ ಆ ಸ್ಟೆಪ್ಪು ಇನ್ನೊಂದ್ಸಲ ಹೇಳಿ ಅನ್ನೋಕೆ ಹೊರಟಿದ್ದೆ! ಈಗ ‘ಕ್ವೆಶ್ಚನ್’ ಅಂತೀನಿ. ಪಕ್ಕದಲ್ಲಿ ಕೂರೋ ಮೆಕ್ಸಿಕೋದವಳಿಗೂ ಇದೇ ಫಜೀತಿ. ಅವರ ಸ್ಪ್ಯಾನಿಷಲ್ಲಿ ‘ದೂದಾ’ ಅಂದ್ರೆ ಸಂಶಯವೂ ಹೌದು, ಕೇಳಬೇಕಾದ ಪ್ರಶ್ನೆಯೂ ಹೌದು.

ತುಮಕೂರಿನ ಒಬ್ಬ ತಾಯಿ: ನನ್ನ ಮಗ ಈ ಡೌಟ್ (doubt) ಸ್ಪೆಲ್ಲಿಂಗಲ್ಲಿ ‘ಬಿ’ ಯಾಕೆ ಅಂತ ತಲೆ ತಿಂತಿದ್ದಾನೆ, ಮೇಷ್ಟ್ರೇ.

ಮೇಷ್ಟ್ರು: ಫ್ರೆಂಚಿನಿಂದ ಬಂದಾಗ ‘ಬಿ’ ಇರಲಿಲ್ಲ ತಾಯಿ. ಲ್ಯಾಟಿನ್ನಿನ ‘ದುಬಿತಾರೆ’ ನೋಡಿಕೊಂಡು ಪಂಡಿತರು ಆಮೇಲೆ ತುರುಕಿದ್ದು. ಬಾಯಿಗೆ ಬರಲೇ ಇಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮೀಟಿಂಗಲ್ಲಿ ನಮ್ಮ ಮ್ಯಾನೇಜರ್ ‘ಐ ಡೌಟ್ ಇಟ್ಸ್ ದ ಡೇಟಾಬೇಸ್’ ಅಂದರು. ಮಂಡ್ಯದವರು. ಮೀಟಿಂಗ್ ಮುಗಿದ ಮೇಲೆ ಹೋಗಿ ‘ಸಾರ್, ಡೇಟಾಬೇಸ್ ಇರಬೌದು ಅಂದ್ರಾ, ಇರಲ್ಲ ಅಂದ್ರಾ?’ ಅಂತ ಕೇಳಿದೆ. ‘ಅದೇ ಕಣಯ್ಯಾ, ಮೊದ್ಲು ಅದನ್ನೇ ನೋಡು’ ಅಂದರು.